ಕಡತದಿಂದ ತೆಗೆದ ಮಾತು

ನವೆಂಬರ್ 11, ಸೋಮವಾರ

ಮತ್ತೆ ರಿಹರ್ಸಲ್. ಯೂತ್ ಪಾರ್ಲಿಮೆಂಟ್ ಸ್ಪರ್ಧೆ ಮುಗಿಯುವವರೆಗೆ ಕಾಲೇಜಿನ ಸೆಮಿನಾರ್ ಹಾಲೇ ಲೋಕಸಭೆ. ಫೈನಲ್ ಇಯರ್ ಹರಿಣಿ ಅಕ್ಕ ಸ್ಪೀಕರ್. ನಾನು ರಿಪೋರ್ಟರ್ — ಪೀಠದ ಕೆಳಗಿನ ಮೇಜಿನಲ್ಲಿ, ಎರಡೂ ಕಡೆಯ ಬೆಂಚುಗಳ ನಡುವೆ ಕೂತು ಪ್ರತಿ ಮಾತನ್ನೂ ಬರೆದುಕೊಳ್ಳಬೇಕು. ಪೊಲಿಟಿಕಲ್ ಸೈನ್ಸ್ ಬಯ್ಯಪ್ಪ ಸರ್ ಆರಿಸಿದ್ದು. “ಮುನೇಶ, ನಿಂಗೆ ಡಯಲಾಗ್ ಬೇಡಪ್ಪ. ಬರ್ಕೋ, ಸಾಕು.” ಸೇಫ್.

ರೂಲ್ಸ್: ಪ್ರಶ್ನೋತ್ತರ ಅವಧಿಯ ಮೊದಲ ಪ್ರಶ್ನೆ ಸಚಿವರಿಗೆ ಮುಂಚೆಯೇ ಗೊತ್ತಿರುತ್ತದೆ. ಅದರ ಹಿಂದೆ ಬರುವ ಪೂರಕ ಪ್ರಶ್ನೆ ಗೊತ್ತಿರುವುದಿಲ್ಲ. ನಿಂತಲ್ಲೇ ಉತ್ತರಿಸಬೇಕು. ಸ್ಪೀಕರ್ “ಕಡತದಿಂದ ತೆಗೆಯಿರಿ” ಎಂದರೆ ಆ ಮಾತು ದಾಖಲೆಯಲ್ಲಿ ಇರಕೂಡದು. ಯಾರೂ ಆಡಿಯೇ ಇಲ್ಲ ಎಂಬಂತೆ.

ಸಚಿವ ರಮೇಶ್‌ಬಾಬು. ಎರಡು ಪುಟ ಬಾಯಿಪಾಠ. ಪ್ರತಿಪಕ್ಷದಲ್ಲಿ ನನ್ನ ರೂಮ್‌ಮೇಟ್ ಸಿದ್ಧಾರ್ಥ್.

ನವೆಂಬರ್ 14, ಗುರುವಾರ. ಸಂಜೆ 5

ರಿಹರ್ಸಲ್‌ನಿಂದ ಈಗಷ್ಟೇ ರೂಮಿಗೆ ಬಂದೆ.

ಬಯ್ಯಪ್ಪ ಸರ್ ಫೋನ್‌ಗಳನ್ನೆಲ್ಲ ಹೊರಗೆ ಇಡಿಸಿ ಆಫೀಸಿಗೆ ಹೋಗಿದ್ದರು. ಸಿದ್ಧಾರ್ಥ್ ಕೇಳಿದ — ಮ್ಯಾನ್‌ಹೋಲ್‌ಗೆ ಇಳಿದು ಸತ್ತವರು ಎಷ್ಟು ಜನ. ರಮೇಶ್‌ಬಾಬು ಒಪ್ಪಿಸಿದ. ಆಮೇಲೆ ಪೂರಕ ಪ್ರಶ್ನೆ, ಸ್ಕ್ರಿಪ್ಟ್‌ನಲ್ಲಿ ಇಲ್ಲದ್ದು: “ಅವರನ್ನು ಇಳಿಸಿದವರಲ್ಲಿ ಜೈಲಿಗೆ ಹೋದವರು ಎಷ್ಟು ಜನ, ಮಾನ್ಯ ಸಚಿವರೇ?”

ರಮೇಶ್‌ಬಾಬು ಕೈಯಲ್ಲಿದ್ದ ಕಾಗದ ನೋಡಿದ. ಅವನ ಬೆಂಚಿನವರೇ ನಕ್ಕರು. “ಕಾಗ್ದ ತಿರುಗ್ಸೋ ಮಿನಿಸ್ಟ್ರೇ, ಹಿಂದ್ಗಡೆ ಬರ್ದಿರ್ತಾರೆ.”

ಆಗ ಆಡಿದ ರಮೇಶ್‌ಬಾಬು ಆ ಮಾತು. ಸಿದ್ಧಾರ್ಥನ ಜಾತಿ ಹಿಡಿದು, ಅವನ ಅಮ್ಮನ ಬಗ್ಗೆ. ಕೂಗಲಿಲ್ಲ. ಮೇಜಿನ ಮೇಲೆ ಬಾಗಿ, ತಣ್ಣಗೆ. ನಾನು ಮೊಳದ ದೂರದಲ್ಲಿದ್ದೆ. ಬರೆದೂಬಿಟ್ಟೆ.

“ಕಡತದಿಂದ ತೆಗೆಯಿರಿ,” ಎಂದಳು ಹರಿಣಿ ಅಕ್ಕ. ಗೆರೆ ಎಳೆದೆ. ಗೆರೆ ಮುಗಿಯುವಷ್ಟರಲ್ಲಿ ಸಿದ್ಧಾರ್ಥ್ ಈ ಕಡೆಗೆ ಹಾರಿದ್ದ. ಕೈಯಲ್ಲಿ ಕಬ್ಬಿಣದ ಕುರ್ಚಿ. ರಮೇಶ್‌ಬಾಬುವಿನ ಬಾಯಿಗೇ ಬೀಸಿದ. ಹಲ್ಲೊಂದು ನನ್ನ ನೋಟ್‌ಬುಕ್ ಮೇಲೆ ಬಿತ್ತು, ಬುಡದಲ್ಲಿ ಕೆಂಪು. ಆಮೇಲೆ ಆರು ಜನ ಸಿದ್ಧಾರ್ಥ್ ಮೇಲೆ. ಕೆಡವಿ ಪಕ್ಕೆಗೆ ಒದ್ದರು. ಒಬ್ಬ ಮೈಕ್ ಸ್ಟ್ಯಾಂಡ್ ತಿರುವಿ ಹಿಡಿದು ಬೆನ್ನಿಗೆ, ಬೆನ್ನಿಗೆ… “ಸದನವನ್ನು ಮುಂದೂಡಲಾಗಿದೆ, ಸದನವನ್ನು ಮುಂದೂಡಲಾಗಿದೆ,” ಹರಿಣಿ ಅಕ್ಕ ಹೇಳುತ್ತಲೇ ಇದ್ದಳು.

ನಾನು ಮೇಜಿನ ಕೆಳಗಿದ್ದೆ. ಅದನ್ನೂ ಬರೆಯಬೇಕು.

ನವೆಂಬರ್ 16, ಶನಿವಾರ

ಸರ್ ಫೇರ್ ಕಾಪಿ ಕೇಳಿದರು. ರೂಲ್ ಪ್ರಕಾರ ಕೊಟ್ಟೆ: “ಕಡತದಿಂದ ತೆಗೆಯಲಾಗಿದೆ. ಶ್ರೀ ಸಿದ್ಧಾರ್ಥ್ ಅವರು ಸಚಿವರಿಗೆ ಕುರ್ಚಿಯಿಂದ ಹೊಡೆದರು.”

25ಕ್ಕೆ ಶಿಸ್ತು ಸಮಿತಿ. ಈ ಕಾಗದ ಒಂದೇ ಸಾಕ್ಷಿಯಾದರೆ ಸಿದ್ಧಾರ್ಥ್‌ಗೆ ಟಿ.ಸಿ. ಗ್ಯಾರಂಟಿ. ಬೆಂಚುಗಳಲ್ಲಿದ್ದ ಯಾರಿಗೂ ಏನೂ ಕೇಳಿಸಿಲ್ಲವಂತೆ. ಹರಿಣಿ ಅಕ್ಕ: “ನಾನೇ ತೆಗೆಸಿದ ಮಾತು ಕಣೋ. ನಾನೇ ಹೆಂಗೆ ಹೇಳ್ಲಿ?”

ರಫ್ ನೋಟ್‌ಬುಕ್‌ನಲ್ಲಿ ಇದೆ. ಗೆರೆಯ ಕೆಳಗೆ ಓದಬಹುದು. ಮೆಸ್‌ನ ಅಕ್ಕಿ ಡ್ರಮ್ಮಿನಲ್ಲಿ ಹುಗಿದಿಟ್ಟಿದ್ದೇನೆ.

ನವೆಂಬರ್ 22, ಶುಕ್ರವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಮಂಗಳವಾರ, ಸಿದ್ಧಾರ್ಥ್ ರೂಮಿನಲ್ಲಿಲ್ಲದಾಗ, ರಮೇಶ್‌ಬಾಬು ಕಡೆಯ ಮೂವರು ಬಂದರು. ಬಾತ್‌ರೂಮಿನ ಬಕೆಟ್ಟಿಗೆ ತಲೆ ಅದ್ದಿದರು. ಎತ್ತಿದರು. ಅದ್ದಿದರು. ನೋಟ್‌ಬುಕ್ ಎಲ್ಲಿ? ಗೊತ್ತಿಲ್ಲ ಎಂದೆ. ರೂಮಿಗೆ ಎಳೆದು ತಂದು ಟ್ರಂಕ್ ತೆಗೆದರು. “ಬರ್ಯೋ ಕೈ ಯಾವ್ದಪ್ಪ ನಿಂದು?” ಒಬ್ಬ ತುಂಬ ಮರ್ಯಾದೆಯಿಂದ ಕೇಳಿದ. ಬಲಗೈ ಎಂದೆ. ಸ್ಟುಪಿಡ್. ಬೆರಳುಗಳನ್ನು ಅಂಚಿನ ಮೇಲಿಡಿಸಿ ಮುಚ್ಚಳದ ಮೇಲೆ ಕೂತ. ಎರಡು ಮುರಿದವು. ಜಾರಿ ಬಿದ್ದೆ ಅಂತ ಆಸ್ಪತ್ರೆಯಲ್ಲಿ ಹೇಳಿದೆ.

ನವೆಂಬರ್ 25, ಸೋಮವಾರ

ಪ್ರಿನ್ಸಿಪಾಲರ ರೂಮು. ರಮೇಶ್‌ಬಾಬು ತುಟಿಗೆ ಹೊಲಿಗೆ. ಪಕ್ಕದಲ್ಲಿ ಅವನ ತಂದೆ ರಾಮಾಂಜಿನಪ್ಪ. ಸಿದ್ಧಾರ್ಥ್ ಜೊತೆ ಅವನ ಅಮ್ಮ ಗಂಗುಲಮ್ಮ, ನಂದಿಯಲ್ಲಿ ಅಂಗನವಾಡಿ ಟೀಚರ್. ಅವರು ಬರುತ್ತಾರೆಂದು ಗೊತ್ತಿರಲಿಲ್ಲ. ಸಿದ್ಧಾರ್ಥ್ ಕಾರಿಡಾರಿನಲ್ಲಿ ನನ್ನ ಕಾಲರ್ ಹಿಡಿದ. “ಅಮ್ಮನ ಮುಂದೆ ಓದ್ಬೇಡ ಕಣೋ. ಟಿ.ಸಿ. ಕೊಟ್ರೆ ಕೊಡ್ಲಿ.”

ಒಳಗೆ ನೋಟ್‌ಬುಕ್ ತೆಗೆದೆ. ಬಯ್ಯಪ್ಪ ಸರ್: “ಕಡತದಿಂದ ತೆಗೆದಿದ್ದನ್ನ ಓದಂಗಿಲ್ಲಪ್ಪ. ರೂಲು.”

“ಇದು ಸದನ ಅಲ್ವಲ್ಲ ಸಾರ್.”

ರಾಮಾಂಜಿನಪ್ಪ ಎದ್ದು ಬಂದು ಕೆನ್ನೆಗೆ ಬಾರಿಸಿದರು. ಕಿವಿ ಗುಂಯ್ ಎಂದಿತು, ಬಾಯಲ್ಲಿ ರಕ್ತದ ರುಚಿ. ಪ್ರಿನ್ಸಿಪಾಲರು “ಕೂತ್ಕೊಳ್ಳಿ ಸ್ವಾಮಿ” ಎಂದರು, ಅಷ್ಟೇ. ಸಿದ್ಧಾರ್ಥ್ ಏಳುತ್ತಿದ್ದ. ಗಂಗುಲಮ್ಮ ಅವನ ಮಣಿಕಟ್ಟು ಅದುಮಿ ಹಿಡಿದರು. ಅವನು ನನ್ನ ಕಡೆ ನೋಡಿ ತಲೆಯಾಡಿಸಿದ. ಬೇಡ.

“ಓದಪ್ಪ,” ಎಂದರು ಗಂಗುಲಮ್ಮ. “ನಾನು ಕೇಳ್ದೇ ಇರೋ ಮಾತೇನಲ್ಲ. ಇವ್ರೂ ಒಂದ್ಸಲ ಕೇಳ್ಲಿ.”

ಓದಿದೆ. ಪೂರ್ತಿ. ಗಂಗುಲಮ್ಮ ಕಿಟಕಿ ನೋಡುತ್ತಿದ್ದರು. ಪ್ರಿನ್ಸಿಪಾಲರು ಕ್ಲರ್ಕ್‌ಗೆ “ಬರ್ಕೊಳ್ರಿ” ಎಂದರು. ಟಿ.ಸಿ. ಇಲ್ಲ. ಸಿದ್ಧಾರ್ಥ್, ರಮೇಶ್‌ಬಾಬು ಇಬ್ಬರಿಗೂ ಒಂದು ತಿಂಗಳು ಸಸ್ಪೆನ್ಷನ್.

ಸಿದ್ಧಾರ್ಥ್ ಅಮ್ಮನನ್ನು ಬಸ್ ಹತ್ತಿಸಿ ಈಗ ರೂಮಿಗೆ ಬಂದ. ಗೋಡೆಗೆ ಗುದ್ದುತ್ತಿದ್ದಾನೆ. ಒಂದೇ ಜಾಗಕ್ಕೆ. ಸುಣ್ಣದ ಮೇಲೆ ರಕ್ತ ಹತ್ತಿದೆ. ಸಾಕು ಕಣೋ ಎಂದೆ, ಕೇಳಿಸುತ್ತಿಲ್ಲ. ನಾನು ಇಲ್ಲಿ ಕೂತು ಇದನ್ನೂ ಬರೆಯುತ್ತಾ… ಇನ್ನೊಂದು ಏಟು ಬಿದ್ದರೆ ಮೂಳೆ ಹೋಗುತ್ತದೆ. ಎದ್ದು ಆ ಕೈ ಹಿಡಿಯಬೇಕು. ಪೆನ್ನು ಇಡುತ್ತಿದ್ದೇನೆ.