ಹೊಸ ಹೊಲಕ್ಕೆ ಯಾರ ಅಂಬಲಿ

೧೨ ನವೆಂಬರ್ ೧೯೯೮, ಹುಮನಾಬಾದ

ಬೆಳಿಗ್ಗೆ ಜೋಳ ಹಸನು ಮಾಡಿದೆ. ಮಗ ವೈಜನಾಥ ಅಂಗಡಿಗೆ ಹೋದ. ಮೊಮ್ಮಗ ಸತೀಶನ ಸುದ್ದಿ ಬಂತು – ಬಸವಕಲ್ಯಾಣದ ಹತ್ತಿರದ ಹೊಲದಲ್ಲಿ ಮಣ್ಣಿನ ಮನೆ ಎದ್ದಿತಂತೆ. ಅದು ನನ್ನ ತವರಿನಿಂದ ಬಂದ ಹೊಲ. ಸತೀಶ ಅಂಗಡಿಗಳ ಬೋರ್ಡ್ ಬರೆಯುವ ಪೇಂಟರ್. ಹೆಂಡತಿ ರೂಪಾಲಿ ಕೌದಿ ಹೊಲಿಯುತ್ತಾಳೆ, ಚಿಂದಿಯಲ್ಲೇ ನವಿಲು ಕೂಡಿಸುತ್ತಾಳೆ. ಇಬ್ಬರೂ ಊರು ಬಿಟ್ಟು ಅಲ್ಲಿ ಸಂಸಾರ ಹೂಡಿದ್ದಾರೆ. ಎಮ್ಮೆ ಕೊಳ್ಳುವ ಮೊದಲೇ ಗೋಡೆಯ ಮೇಲೆ ಎಮ್ಮೆ ಬರೆದಿದ್ದಾನೆ. ಹಿಂಡಿಕೊಳ್ಳಲಿ.

ರೂಪಾಲಿ ಬಸುರಿ. ಆಸರೆಗೆ ಅವಳ ಅಜ್ಜಿ ಗಯಾಬಾಯಿಯನ್ನು ಹುಲಸೂರಿನಿಂದ ಕರೆಸಿಕೊಂಡರಂತೆ. ಹೊಲ ನನ್ನದು. ಅಜ್ಜಿ ಅವಳವಳು.

೧೫ ನವೆಂಬರ್

ಸತೀಶ ಬಂದಿದ್ದ. ಬೆರಳಿಗೆಲ್ಲ ನೀಲಿ ಬಣ್ಣ.

“ಆಯಿ, ಒಮ್ಮಿ ಬಂದು ಮನಿ ನೋಡಿ ಹೋಗು.”

“ನೋಡಿ ಹೋಗಾಕ ನಾ ಏನು ಹೊರಗಿನ ಪಾವಣಿನೇನೋ?”

“ಹಂಗಾರ ಇರು. ಖೋಲಿ ಒಂದೇ ಅದ, ಗಯಾಬಾಯಿ ಆಜಿ ಇದ್ದಾಳ. ಇಬ್ಬರೂ ಹೊಂದಕೊಂಡು ಇರ್ರಿ.”

ನನ್ನ ಹೊಲದಲ್ಲಿ, ಒಂದೇ ಕೋಣೆಯಲ್ಲಿ, ನಾನು ಹೊಂದಿಕೊಳ್ಳಬೇಕು... ಬರುವುದಿಲ್ಲ ಎಂದೆ. ಆಮೇಲೆ ಅವನದು ಒಂದೇ ಮಾತು – ಆಜಿ ಸಾರಿಸಿದರೆ ನೆಲದ ಮೇಲೆ ಹೂ ಬಿದ್ದಂತೆ, ಆಜಿಯ ಪಲ್ಯ, ಆಜಿಯ ಹಾಡು. ಉಂಡು ಕೈ ತೊಳೆಯುವ ತನಕ ಅದೇ. ನಾನು ಸಾರಿಸಿದ ನೆಲದಲ್ಲೇ ಅಂಬೆಗಾಲಿಟ್ಟವನು.

೯ ಡಿಸೆಂಬರ್

ಇಷ್ಟು ದಿನ ಬರೆಯಲು ಏನಿತ್ತು? ಅವರೂ ಬರಲಿಲ್ಲ, ನಾನೂ ಹೋಗಲಿಲ್ಲ.

ಎಳ್ಳಾಮಾಸಿ – ಎಳ್ಳ ಅಮಾವಾಸ್ಯೆ – ಹತ್ತಿರ ಬಂತು. ಅವತ್ತು ಹೊಲದಲ್ಲಿ ಐದು ಕಲ್ಲು ಪೂಜಿಸಿ, ಬೆಳೆಯ ಮೇಲೆ ಅಂಬಲಿಯ ಚರಗ ಚೆಲ್ಲಬೇಕು. ನಮ್ಮಲ್ಲಿ ಹೊಸ ಒಕ್ಕಲಾದರೆ ಹಿರಿಯಳ ಕೈಯ ಅಂಬಲಿಯೇ ಆಗಬೇಕು. ಯಾರ ಅಂಬಲಿ ಚೆಲ್ಲಿದರೋ ಅವಳೇ ಆ ಮನೆಯ ಹಿರಿಯಳು.

ಸೊಸೆ ಭಾಗಮ್ಮ ಸುದ್ದಿ ತಂದಳು: “ಅತ್ತೀ, ಗಯಾಬಾಯಿ ಹೊಸ ಗಡಿಗಿ ತಂದಾಳಂತ್ರಿ.”

“ತರಲಿ. ಅದರಾಗ ಹೂವಿನ ಗಿಡಾ ಹಚ್ಚಲಿ.”

೧೬ ಡಿಸೆಂಬರ್

ಜೋಳದ ಹಿಟ್ಟು ಮಜ್ಜಿಗೆಯಲ್ಲಿ ಕಲಸಿ ಹುಳಿಗೆ ಇಟ್ಟೆ. ಬೆಳ್ಳುಳ್ಳಿ, ಜೀರಿಗೆ. ಮಣ್ಣಿನ ಗಡಿಗೆ ಬಸ್ಸಿನಲ್ಲಿ ಒಡೆಯುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಒಯ್ಯುತ್ತೇನೆ, ಮುಚ್ಚಳ ಬಿಗಿ ಇದೆ.

“ಹುಳಿ ಉಬ್ಬತದರಿ ಅತ್ತೀ, ಮ್ಯಾಲ ಅರಿವಿ ಕಟ್ರಿ ಸಾಕು.”

“ನೀ ಹುಟ್ಟೂಕಿಂತ ಮೊದಲು ಅಂಬಲಿ ಮಾಡಾಕತ್ತೇನಿ.”

ಭಾಗಮ್ಮ ಕೈಯಲ್ಲಿದ್ದ ಬಟ್ಟೆ ಮಡಚಿ ಒಳಗಿಟ್ಟಳು.

೧೮ ಡಿಸೆಂಬರ್, ಎಳ್ಳಾಮಾಸಿ, ಸಂಜೆ, ಹೊಲದ ಮನೆ

ರಾಜೇಶ್ವರ ದಾಟಿದ ಮೇಲೆ ಬಸ್ಸು ಕುಲುಕಿತು. ಮುಚ್ಚಳ ಠಪ್ ಎಂದು ಹಾರಿತು. ಅಂಬಲಿ ನನ್ನ ಸೀರೆಗೆ, ಕಂಡಕ್ಟರನ ಪ್ಯಾಂಟಿಗೆ.

“ಆಯಿ, ಇದಕ್ಕೂ ಒಂದು ಟಿಕೆಟ್ ತಗೋಬೇಕಿತ್ತು,” ಎಂದ. ಬಸ್ಸೆಲ್ಲ ನಕ್ಕಿತು.

ಹೊಲ ಮುಟ್ಟುವಾಗ ಡಬ್ಬಿಯ ತಳದಲ್ಲಿ ಒಂದು ಸೌಟೂ ಇರಲಿಲ್ಲ. ಸತೀಶ, ರೂಪಾಲಿ ದೂರದಲ್ಲಿ ಕಲ್ಲಿಗೆ ಸುಣ್ಣ ಬಳಿಯುತ್ತಿದ್ದರು. ಬಾವಿಯ ಹತ್ತಿರ ಗಯಾಬಾಯಿ ಒಬ್ಬಳೇ. ನನ್ನ ಸೀರೆ ನೋಡಿದಳು, ಡಬ್ಬಿ ನೋಡಿದಳು. ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

“ಅಕ್ಕಾ, ಮೊದಲು ಸೆರಗು ತೊಳಕೋರಿ,” ಎಂದು ನೀರು ಕೊಟ್ಟಳು. ತನ್ನ ಗಡಿಗೆ ಬಗ್ಗಿಸಿ ನನ್ನ ಡಬ್ಬಿ ತುಂಬಿದಳು. ಉಳಿದದ್ದನ್ನು ಬದುವಿಗೆ ಸುರಿದು ಗಡಿಗೆ ಬೋರಲು ಹಾಕಿದಳು. ಕೂಗಿದಳು: “ರೂಪಾಲಿ, ಹುಮನಾಬಾದದ ಅಂಬಲಿ ಬಂತು ನೋಡು. ನಂದು ಕೆಟ್ಟಿತ್ತು, ಚೆಲ್ಲಿಬಿಟ್ಟೆ.”

ಆಗ ಬಾಯಿ ತೆರೆಯಬೇಕಿತ್ತು. ತೆರೆದದ್ದು ಉಣ್ಣಲು ಕೂತಾಗ.

ಚರಗ ಚೆಲ್ಲಿ ಬಂದ ಸತೀಶ ಬಟ್ಟಲು ನೆಕ್ಕಿದ. “ಹದಾ ಅಂದ್ರ ನಿಂದು, ಆಯಿ. ಗಯಾಬಾಯಿ ಆಜಿ, ಕಲತಕೋ ನೋಡು.”

“ಕಲೀತೀನಪಾ,” ಎಂದಳು.

ನಾನೂ ಕುಡಿದೆ. ನನ್ನದಕ್ಕಿಂತ ಚೆನ್ನಾಗಿತ್ತು. ಒಳ್ಳೆಯತನದಲ್ಲೂ ನನ್ನನ್ನು ಮೀರಬೇಕೇ ಈ ಹೆಂಗಸು? ಹೊಟ್ಟೆ ಇವತ್ತು ಉರಿದಷ್ಟು ಯಾವತ್ತೂ ಉರಿದಿಲ್ಲ.

೧೯ ಡಿಸೆಂಬರ್, ಬೆಳಿಗ್ಗೆ

ರೂಪಾಲಿ ಬಂದು ಪಕ್ಕದಲ್ಲಿ ಕುಳಿತಳು. “ಆಯಿ, ಬಾಣಂತನಕ್ಕ ನೀವೇ ಇರ್ರಿ. ಆಜಿ ಊರಿಗಿ ಹೊಂಟಾಳ, ಖೋಲಿ ಒಂದೇ ಅಲ್ರಿ. ನಿಮ್ಮ ಅಂಬಲಿ ಕುಡದಾಗಿಂದ ಇವರದು ಒಂದೇ ಮಾತು – ನಮ್ಮ ಮನಿಗಿ ಹಿರ್ಯಾಕಿ ಆಯಿನೇ ಅಂತ.”

ಬೇಡಿದ್ದು ಇದನ್ನೇ. ಸಿಕ್ಕಿತು. ನುಂಗಲು ಆಗುತ್ತಿಲ್ಲ.

ಗಯಾಬಾಯಿ ಗಂಟು ಕಟ್ಟಿ ಹೊಸ್ತಿಲಿಗೆ ಬಂದಳು. “ಅಕ್ಕಾ, ರಾತ್ರಿ ಇಕಿಗಿ ಕಾಲು ಸೆಳೀತಾವ. ಜರಾ ಎಣ್ಣಿ ತಿಕ್ಕರಿ. ಮರೀಬ್ಯಾಡ್ರಿ.” ಹೇಳುವಾಗ ನನ್ನ ಮುಖ ನೋಡಲಿಲ್ಲ. ಮೊಮ್ಮಗಳ ಹೊಟ್ಟೆಯನ್ನೇ ನೋಡುತ್ತಿದ್ದಳು.

ಬಸ್‌ಸ್ಟ್ಯಾಂಡಿಗೆ ಬಿಡಲು ಸತೀಶ ಸೈಕಲ್ ತೆಗೆದಿದ್ದಾನೆ. ಬದುವಿನ ಮೇಲೆ ತಳ್ಳಿಕೊಂಡು ಹೋಗುತ್ತಿದ್ದಾನೆ, ಅವಳು ಹಿಂದೆ. ಇಲ್ಲಿಂದ ಕೂಗಿದರೆ ಇನ್ನೂ ಕೇಳುತ್ತದೆ. ಕೂಗಿದರೆ ಯಾರ ಅಂಬಲಿ ಎಂದು ಹೇಳಬೇಕು. ಹೇಳಿದರೆ ಕೋಣೆ ಅವಳದು, ಕೂಸೂ ಅವಳ ತೊಡೆಯ ಮೇಲೆ. ಹೋಗಲಿ ಬಿಡು, ಅವಳೇ ಚೆಲ್ಲಿದ್ದು...

ತಿರುಗಿ ನೋಡಿದಳು. ನನ್ನನ್ನಲ್ಲ, ಮನೆಯನ್ನು.

“ಏ ಸತೀಶಾ, ನಿಂದ್ರು, ಆ ಅಂಬಲಿ—”