ಸುಂಕದ ಸಭೆಗೆ ಮಜ್ಜಿಗೆ ಬಂದಿದೆ

ಊಟವಾಯಿತೇ, ಕಾಲುವೆ ಸುಂಕದ ಮಾತುಕತೆಯ ಘನ ಅಧ್ಯಕ್ಷರೇ?

ಆಗಿರುತ್ತದೆ. ನಿಮ್ಮ ಊಟ ಒಂದು ದಿನವೂ ತಪ್ಪಿಲ್ಲವೆಂದು ಬಡಿಸಿದವರೇ ನನಗೆ ಹೇಳಿದ್ದಾರೆ. ತಪ್ಪಿರುವುದು ತೀರ್ಮಾನ ಮಾತ್ರ. ಯಾವ ದೇಶದ ಹಡಗು ಎಷ್ಟು ಸುಂಕ ಕೊಡಬೇಕು, ಯಾರಿಗೆ ವಿನಾಯಿತಿ ಎಂದು ನೀವು ಲಂಡನ್ನಿನ ಬೆಚ್ಚನೆಯ ಸಭಾಂಗಣದಲ್ಲಿ ವಾರಗಟ್ಟಲೆ ಚರ್ಚಿಸುತ್ತಿದ್ದೀರಿ. ಅತ್ತ ಕಾಲುವೆಯ ಬಾಯಲ್ಲಿ ಹಡಗುಗಳು ಲಂಗರು ಹಾಕಿ ನಿಂತಿವೆ. ನಮ್ಮ ಮದುವೆ ಛತ್ರಗಳಲ್ಲಿ ಎರಡನೇ ಪಂಕ್ತಿಯವರು ಮೊದಲ ಪಂಕ್ತಿಯವರ ಕುರ್ಚಿಯ ಹಿಂದೆ ನಿಂತು, ಅವರು ಪಾಯಸ ಸೊರ್ರೆನ್ನಿಸುವುದನ್ನೇ ದಿಟ್ಟಿಸುತ್ತಾರಲ್ಲ, ಥೇಟ್ ಹಾಗೆ.

ಆ ಪೈಕಿ ಒಂದು ಹಡಗಿನಲ್ಲಿ ಶೀನಪ್ಪನವರ ಗ್ರೈಂಡರ್ ಇದೆ. ಶೀನಪ್ಪ, ಪುಷ್ಪಾವತಿ ಕುಂದಾಪುರದ ದಂಪತಿ. ಇಷ್ಟು ವರ್ಷ ಪರರ ಅಡುಗೆಮನೆಯಲ್ಲಿ ದೋಸೆ ಹುಯ್ದು, ಈಗ ಇದೇ ಲಂಡನ್ನಿನ ಟೂಟಿಂಗ್‌ನಲ್ಲಿ ಸ್ವಂತ ಹೋಟೆಲಿನ ಬೋರ್ಡು ಹಾಕಿದ್ದಾರೆ. ಬೋರ್ಡಿದೆ, ಹೋಟೆಲಿಲ್ಲ. ಗ್ರೈಂಡರು, ಕೊಪ್ಪರಿಗೆ, ದೋಸೆಕಾವಲಿ ಎಲ್ಲ ಸಮುದ್ರದ ಮೇಲೆ. ತಿಂಗಳ ಕೊನೆಯೊಳಗೆ ಬಾಗಿಲು ತೆರೆಯದಿದ್ದರೆ ಮಳಿಗೆಯನ್ನು ಮೊಬೈಲ್ ಕವರ್ ಮಾರುವವನಿಗೆ ಕೊಡುತ್ತೇನೆಂದು ಮಾಲೀಕ ಹೇಳಿಬಿಟ್ಟಿದ್ದಾನೆ.

ಸದ್ಯ ಶೀನಪ್ಪ ಗ್ರೀನ್‌ಫರ್ಡ್‌ನ ಕೇಟರಿಂಗ್‌ನವರ ಬಳಿ ಅಡುಗೆ ಮಾಡುತ್ತಾರೆ. ಅವರು ಇವರನ್ನು ಕಳಿಸಿದ್ದೆಲ್ಲಿಗೆ? ನಿಮ್ಮ ಸಭೆಗೇ! ಒಬ್ಬರಿಗೆ ಹಂದಿ ವರ್ಜ್ಯ, ಇನ್ನೊಬ್ಬರಿಗೆ ದನ ವರ್ಜ್ಯ, ಕೊನೆಗೆ ಸಸ್ಯಾಹಾರವೇ ಆಗಲಿ ಎಂದಿರಂತೆ. ಇಡೀ ಮಾತುಕತೆಯಲ್ಲಿ ಸರ್ವಾನುಮತದಿಂದ ಅಂಗೀಕಾರವಾದ ನಿರ್ಣಯ ಅದೊಂದೇ.

ಮೊನ್ನೆ ಖಾಲಿ ಮಳಿಗೆಯಲ್ಲಿ ಕೂತು ಶೀನಪ್ಪ ನನ್ನೆದುರು ಗೋಳಾಡಿದರು: "ಎಂತದು ಮಾರಾಯ್ರೆ ಇವ್ರದ್ದು? ಮಜ್ಜಿಗೆ ಬಡಿಸಿದ ಮೇಲೆ ಪುನಃ ಸಾರು ಕೇಳ್ತಾರೆ! ಸಾರು ಕುಡಿದು, ನಾಳೆ ಪುನಃ ಸೇರುವ ಅಂತಾರೆ."

ನೆಲ ಒರೆಸುತ್ತಿದ್ದ ಪುಷ್ಪಾವತಿ ತಲೆಯೆತ್ತಲಿಲ್ಲ. "ಅಷ್ಟು ರುಚಿ ಮಾಡ್ಲಿಕ್ಕೆ ನಿಮ್ಗೆ ಯಾರು ಹೇಳಿದ್ದು? ನಾಳೆ ಸಾರಿಗೆ ಉಪ್ಪು ಹಾಕ್ಬೇಡಿ. ಸಂಜೆಯೊಳಗೆ ಸಹಿ ಬೀಳ್ತದೆ, ನೋಡಿ."

"ಹಾಕದೆ ಇರ್ಲಿಕ್ಕೆ ಕೈ ಬರುದಿಲ್ಲ ಮಾರಾಯ್ತಿ."

"ಹಾಗಾದ್ರೆ ಮೊಬೈಲ್ ಕವರ್ ಮಾರುವ, ಬನ್ನಿ."

ಲೋಕಕಲ್ಯಾಣಾರ್ಥ ಒಂದು ದಿನ ಸಪ್ಪೆ ಸಾರು ಮಾಡಿದರೆ ದೋಷವಿಲ್ಲವೆಂದು ನಾನೂ ಶಾಸ್ತ್ರಿಗಳಂತೆ ವ್ಯವಸ್ಥೆ ಕೊಟ್ಟೆ. ಶೀನಪ್ಪ ನನ್ನನ್ನು ನೋಡಿದ ನೋಟಕ್ಕೆ ಹೆದರಿ, ಕ್ರೋಯ್ಡನ್‌ನ ಫ್ಲ್ಯಾಟಿಗೆ ಮರಳಿ ಈ ಪತ್ರ ಬರೆಯಲು ಕೂತೆ. ಅವರ ಕೈ ಕೆಡಿಸುವುದಕ್ಕಿಂತ ನಿಮ್ಮನ್ನು ಎಬ್ಬಿಸುವುದೇ ಸುಲಭವಿರಬಹುದು.

ಕಾಲುವೆ ತೋಡಿದವರಿಗೆ ಸುಂಕ ಬೇಡವೇ? ಬೇಕು. ಹಾಯುವ ಹಡಗು ಕೊಡಬೇಡವೇ? ಧಾರಾಳವಾಗಿ ಕೊಡಲಿ. ಆದರೆ ನಿಂತ ಹಡಗಿಗೆ ಯಾವ ಸುಂಕ, ಸ್ವಾಮೀ? ಆ ಸುಂಕವನ್ನು ಟೂಟಿಂಗ್‌ನಲ್ಲಿ ಒಬ್ಬಾಕೆ ದಿನಾ ಬೀಗ ತೆಗೆದು, ಯಾರೂ ತುಳಿಯದ ನೆಲ ಒರೆಸಿ, ಮತ್ತೆ ಬೀಗ ಹಾಕಿ ಕಟ್ಟುತ್ತಿದ್ದಾಳೆ. ನಿಮ್ಮ ಕಾರ್ಯಸೂಚಿಯಲ್ಲಿ ಅದಕ್ಕೊಂದು ಸಾಲಾದರೂ ಇದೆಯೇ?

ನಮ್ಮ ಊಟದಲ್ಲಿ ಮಜ್ಜಿಗೆ ಕೊನೆಯದು. ಅದು ಬಂತೆಂದರೆ ಏಳಬೇಕು, ಹಿಂದೆ ನಿಂತವರೂ ಹಸಿದಿದ್ದಾರೆ ಎಂದರ್ಥ. ನಾಳೆಯೂ ಸಾರಿಗೆ ಉಪ್ಪು ಹದವಾಗಿಯೇ ಬಿದ್ದಿರುತ್ತದೆ. ಶೀನಪ್ಪನವರಿಂದ ಬೇರೇನೂ ಸಾಧ್ಯವಿಲ್ಲ. ನನ್ನ ಬೇಡಿಕೆ ಇಷ್ಟೇ: ಮಜ್ಜಿಗೆ ಕುಡಿಯಿರಿ, ಸಹಿ ಹಾಕಿ, ಆಮೇಲೆ ಕೈ ತೊಳೆಯಿರಿ. ದಯವಿಟ್ಟು ಇದೇ ಕ್ರಮದಲ್ಲಿ.

ಇಂತಿ,
ನಿಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತೇ ಇರುವ
ಎರಡನೇ ಪಂಕ್ತಿಯ ರಾಮಪ್ರಸಾದ
ಕ್ರೋಯ್ಡನ್