ರತ್ನಾ ಓಡಲಿಲ್ಲ

ಸಿಂಚನಾ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನಗೆ ಕನ್ನಡ ಓದುವುದು ಕಷ್ಟ, ಗೊತ್ತು. ಗಟ್ಟಿಯಾಗಿ ಓದಿಕೋ, ಕಿವಿಗೆ ಬಿದ್ದರೆ ಅರ್ಥವಾಗುತ್ತದೆ.

ನಿನ್ನೆ ಅನಂತಮೂರ್ತಿಯವರು ರೋಹಿಣಿ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು. ಕಳೆದ ಹುಣ್ಣಿಮೆಗೆ ನಮ್ಮ ಭಜನಾ ಮಂಡಳಿಯವರನ್ನು ಬಸ್ಸು ಮಾಡಿ ಆ ಆಶ್ರಮಕ್ಕೆ, ನಿಮ್ಮಮ್ಮ ತೀರಿಕೊಂಡ ಜಾಗಕ್ಕೆ, ಕರೆದೊಯ್ದವರು ಅವರೇ. ಕೈಯಲ್ಲಿ ಡಬ್ಬಿ ತುಂಬ ಲಾಡು. ಆಶ್ರಮದ ಪ್ರಸಾದದ ಕೌಂಟರಿನಲ್ಲಿ ಕೂತು ಚೀಟಿ ನೋಡದೆ ಒಂದು ಲಾಡೂ ಕೊಡದ ಮನುಷ್ಯ ಮನೆ ಬಾಗಿಲಿಗೇ ಪ್ರಸಾದ ತಂದರೆ ಅನುಮಾನ ಬರದೆ ಇರುತ್ತದೆಯೇ? ಎಸೆಯುವಂತಿಲ್ಲ, ಗಂಟಲಿಗೂ ಇಳಿಯುತ್ತಿಲ್ಲ.

ಚಹಾ ಕುಡಿದು ಮೆಲ್ಲಗೆ ವಿಷಯಕ್ಕೆ ಬಂದರು. ಬರುವ ಮಂಗಳವಾರ ಪೊಲೀಸರು ಕೇಳಿದಾಗ, ಹೆಂಗಸರು ಗುರುಗಳ ಪಾದ ಮುಟ್ಟಲು ಓಡಿದರು, ನಿಮ್ಮಮ್ಮ ರತ್ನಾನೂ ಓಡಿ ಬಿದ್ದಳು ಎಂದು ನಾನು ಹೇಳಬೇಕಂತೆ. ನೀನೂ ಒಪ್ಪಿದ್ದೀಯಂತೆ. "ದೇವರು ಕರೆಸಿಕೊಂಡ, ವೈಜಯಂತಮ್ಮ. ಯಾರನ್ನ ದೂರೋದು?" ಅಂದರು.

ನಾನೂ ದೇವರನ್ನು ನಂಬಿದವಳು. ಆದರೆ ಅವನು ಗೇಟಿಗೆ ಬೀಗ ಹಾಕಿಸಿ ಕರೆಸಿಕೊಳ್ಳುತ್ತಾನೆಯೇ?

ಹೊರಗೆ ಹೋಗುವ ಗೇಟನ್ನು ಯಾರೋ ದೊಡ್ಡವರ ಕಾರಿಗೆಂದು ಮುಚ್ಚಿದ್ದರು. ದರ್ಶನ ಮುಗಿಸಿದವರನ್ನೂ ನಾವು ಒಳಗೆ ಹೋಗುತ್ತಿದ್ದ ಇಕ್ಕಟ್ಟಿನ ದಾರಿಗೇ ಬಿಟ್ಟರು. ಅಷ್ಟರಲ್ಲಿ ಮೈಕಿನಲ್ಲಿ, ಗುರುಗಳು ಈಗ ಎದ್ದುಬಿಡುತ್ತಾರೆ, ಬೇಗ ಬನ್ನಿ ಎಂದು ಕೂಗಿದರು. ಹಿಂದಿದ್ದವರು ನೂಕಿದರು. ಮುಂದೆ ದಾರಿ ಕಟ್ಟಿದೆಯೆಂದು ಅವರಿಗೇನು ಗೊತ್ತು ಪಾಪ. ಓಡಬೇಕೆಂದರೆ ಕಾಲಿಡಲು ಜಾಗವಾದರೂ ಬೇಕಲ್ಲ? ನಿಂತಲ್ಲೇ ಉಸಿರು ಕಟ್ಟಿತು. ಬೇಲಿಯಾಚೆ ಇದ್ದ ಕಾವಲಿನವನಿಗೆ ನಿಮ್ಮಮ್ಮ, "ಭಯ್ಯಾ, ಗೇಟ್ ಖೋಲೋ" ಎಂದು ಗೇಟು ತೆಗೆಯಲು ಬೇಡಿಕೊಂಡಳು. ಆರ್ಡರ್ ಇಲ್ಲವೆಂದು ಅವನು ಮುಖ ತಿರುಗಿಸಿದ.

ಅವಳು ಓಡಲಿಲ್ಲವೆಂದು ನನಗೆ ಹೇಗೆ ಗೊತ್ತು ಎಂದು ಕೇಳಿಯಾರು. ಯಾತ್ರೆಗೆ ಹೋದಾಗ ತಪ್ಪಿಸಿಕೊಳ್ಳಬಾರದೆಂದು ನಮ್ಮ ಕಡೆ ಹೆಂಗಸರು ಸೆರಗಿಗೆ ಸೆರಗು ಗಂಟು ಹಾಕಿಕೊಳ್ಳುತ್ತಾರೆ. ಬಸ್ಸಿಳಿದ ಕೂಡಲೇ ಅವಳೇ ಗಂಟು ಹಾಕಿ, "ಕಳೆದುಹೋದ್ರೆ ಇಬ್ಬರೂ ಹೋಗೋಣ ಕಣೇ" ಎಂದು ನಕ್ಕಿದ್ದಳು. ಆಸ್ಪತ್ರೆಯಲ್ಲಿ ನರ್ಸು ಕತ್ತರಿ ಹಾಕುವವರೆಗೂ ಅದು ಬಿಚ್ಚಲಿಲ್ಲ. ಅವಳು ಓಡಿದ್ದರೆ ನಾನೂ ಓಡಿರಬೇಕು. ನಾನು ಓಡಲಿಲ್ಲ, ಸಿಂಚನಾ.

ನೀನು ಒಪ್ಪಿದ್ದೀಯೆಂಬ ಮಾತನ್ನು ನಾನು ನಂಬಿಲ್ಲ. ನಾನು ಒಪ್ಪಿದ್ದೇನೆಂದು ನಿನಗೂ ಹೇಳಿರುತ್ತಾರೆ, ನೋಡು. ಅದಕ್ಕೇ ಫೋನು ಬಿಟ್ಟು ನನ್ನ ಕೈಯಾರೆ ಬರೆಯುತ್ತಿದ್ದೇನೆ. ಮಂಗಳವಾರ ಠಾಣೆಗೆ ಹೋಗಿ ಬೀಗದ ವಿಷಯ ಹೇಳುತ್ತೇನೆ. ವಸಂತ್ ಕುಂಜ್‌ನಿಂದ ನೀನೂ ಬಾ. ಬರದಿದ್ದರೂ ಹೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು ಮಗಳೇ. ಆ ತಾಯಿ ನಿನ್ನ ಬೆನ್ನಿಗಿರಲಿ.

ನಿಮ್ಮಮ್ಮನ ಗೆಳತಿ,
ವೈಜಯಂತಿ ಆಂಟಿ